ತಾಮ್ರದ 48 ಗಂಟೆ ಪರೀಕ್ಷೆ: ಕಂಟ್ರೋಲ್‌ನಲ್ಲೇ ಡಾಫ್ನಿಯಾ ನಿಲ್ಲುತ್ತಿವೆ, ಎಂತ ಕಾರಣ?

ತೋಡಿನಬದಿ:
ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಬಿಡುವ ಬೋರ್ಡೋ ಮದ್ದಿನ (ಮೈಲುತುತ್ತು, ಸುಣ್ಣ ಸೇರಿಸಿದ್ದು) ತಾಮ್ರ ತೋಡಿಗೆ ಇಳಿದರೆ ಅಲ್ಲಿನ ಸಣ್ಣ ಜೀವಿಗಳಿಗೆ ಎಷ್ಟರಲ್ಲಿ ಪೆಟ್ಟು ಬೀಳುತ್ತದೆ ಎಂದು ನೋಡುವ ಕೆಲಸ. ವಿಧಾನ ಓಇಸಿಡಿ 202, ಅಂದರೆ ಎಷ್ಟು ಮರಿ ಈಜುವುದು ನಿಲ್ಲಿಸಿದವು ಎಂದು ಎಣಿಸುವ ಅಂತರರಾಷ್ಟ್ರೀಯ ಪರೀಕ್ಷೆ. ಪ್ರಾಣಿ ಡಾಫ್ನಿಯಾ ಮ್ಯಾಗ್ನಾ ಎಂಬ ನೀರಿನ ಸಣ್ಣ ಕಠಿಣಚರ್ಮಿ, 24 ಗಂಟೆಯೊಳಗಿನ ಮರಿ, 48 ಗಂಟೆ. ಸಾಕುವುದು ಎಂ4 ಎಂಬ, ಲವಣ ಬೆರೆಸಿ ತಯಾರಿಸುವ ಮಾಧ್ಯಮದಲ್ಲಿ, ಪರೀಕ್ಷೆಗೆ ಮಾತ್ರ ಕ್ಯಾಂಪಸ್ಸಿನ ಬಾವಿ ನೀರು, ರಾತ್ರಿಯಿಡೀ ಗಾಳಿ ಹಾಯಿಸಿದ್ದು. ಬಾವಿ ನೀರಿನ ಪಿಎಚ್ 5.8, ಗಡಸುತನ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 22 ಮಿ.ಗ್ರಾಂ/ಲೀ.

ತೊಂದರೆ ಇದು: 48 ಗಂಟೆಗೆ ತಾಮ್ರವನ್ನೇ ಹಾಕದ ಕಂಟ್ರೋಲ್‌ನಲ್ಲೇ 20ರಲ್ಲಿ 4 ಮರಿ ಈಜುವುದು ನಿಲ್ಲಿಸಿರುತ್ತವೆ. ಆದರೆ ಮರಿಗಳ ಸಂವೇದನೆ ನೋಡಲು ಪೊಟ್ಯಾಸಿಯಂ ಡೈಕ್ರೋಮೇಟನ್ನು ಎಂ4ರಲ್ಲಿ ಮಾಡಿದಾಗ 24 ಗಂಟೆಯ ಇಸಿ50 (ಅರ್ಧದಷ್ಟು ಮರಿ ನಿಲ್ಲುವ ಪ್ರಮಾಣ) 1.2 ಮಿ.ಗ್ರಾಂ/ಲೀ ಬಂತು, ಅದು ಮಿತಿಯೊಳಗೇ ಉಂಟು. ಮರಿಗಳು ಚೆನ್ನಾಗಿವೆ ಎಂದಾಯಿತಲ್ಲ? ಹಾಗಿದ್ದರೆ ಇಡೀ ಪರೀಕ್ಷೆಯನ್ನೇ ಎಂ4ರಲ್ಲಿ ಮಾಡಬಹುದಾ? ಇಲ್ಲ ಅಬ್ಬಾಟ್ ಸೂತ್ರ ಹಾಕಿ ಕಂಟ್ರೋಲಿನ ಸಾವನ್ನು ಕಳೆದುಬಿಡಬಹುದಾ?

ಎಣಿಕೆಪುಸ್ತಕ:
ಅಬ್ಬಾಟ್ ಬೇಡ. ಕಂಟ್ರೋಲ್‌ನಲ್ಲಿ 10% ದಾಟಿದರೆ ಪರೀಕ್ಷೆ ಅಸಿಂಧು, ಅಲ್ಲಿಗೆ ಮುಗಿಯಿತು. 20ರಲ್ಲಿ 2ರವರೆಗೆ ಸೈ, ನಿಮ್ಮದು 4. ಮರಿಗಳು ಮೊದಲೇ ಬೇರೇನಕ್ಕೋ ಬಳಲಿದ್ದರೆ ತಾಮ್ರಕ್ಕೂ ಬೇಗ ಬೀಳುತ್ತವೆ. ಬರೀ ಕಳೆಯುವ ಲೆಕ್ಕದಿಂದ ಆ ಬಳಲಿಕೆ ಹೋಗುವುದಿಲ್ಲ.

ಮುರಕಲ್ಲು:
ಕಾರಣ ನಿಮ್ಮ ಪೋಸ್ಟಿನಲ್ಲೇ ಉಂಟು ಮಾರಾಯ್ರೆ. ಎಂ4ರ ಗಡಸುತನ ಸುಮಾರು 250. ಅಲ್ಲಿ ಹುಟ್ಟಿದ ಮರಿಯನ್ನು ಒಂದೇ ಸಲಕ್ಕೆ 22ಕ್ಕೆ ಹಾಕಿದರೆ ಲವಣದ ಹಿಡಿತವೇ ತಪ್ಪುತ್ತದೆ. ಈ ಪ್ರಾಣಿ ಗಡಸು ನೀರಿನದ್ದು, ಓಇಸಿಡಿ ಇದಕ್ಕೆ ಹೇಳುವುದೇ 140ರಿಂದ 250. ಪಿಎಚ್ ಕೂಡ 6ರಿಂದ 9ರ ಒಳಗಿರಬೇಕು, ನಿಮ್ಮದು ಅದರ ಕೆಳಗೆ. ನಮ್ಮ ಮುರಕಲ್ಲು (ಲ್ಯಾಟರೈಟ್) ಪ್ರದೇಶದ ಬಾವಿ ನೀರು ಕುಡಿಯಲಿಕ್ಕೆ ರುಚಿ, ಆದರೆ ಅದರಲ್ಲಿ ಸುಣ್ಣದ ಅಂಶ ಏನೂ ಇಲ್ಲದ ಹಾಗೆ. ಡಾಫ್ನಿಯಾಕ್ಕೆ ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಬೇಕು, ಹುಟ್ಟಿದ ಮೊದಲ ಎರಡು ದಿನದಲ್ಲೇ ಪೊರೆ ಕಳಚುವ ಹೊತ್ತು ಬರುತ್ತದೆ.

ನೀರು ಬದಲಿಸುವುದಾದರೆ ತಾಯಿಗಳನ್ನೇ ಕನಿಷ್ಠ 48 ಗಂಟೆ ಮುಂಚೆ ಪರೀಕ್ಷೆಯ ನೀರಿಗೆ, ಪರೀಕ್ಷೆಯ ಉಷ್ಣತೆಗೆ ಹಾಕಿಡಬೇಕು. ಮರಿ ಅಲ್ಲೇ ಹುಟ್ಟಬೇಕು.

ಗಾಜುಪಾತ್ರೆ:
ಮೊದಲು ಐಎಸ್ಒ 6341 ಎಂಬ ಮಾನಕ ಹೇಳುವ ಪರೀಕ್ಷಾ ನೀರು ಮಾಡಿ ಅದರಲ್ಲಿ ಕಂಟ್ರೋಲ್ ಮರಿಗಳು ಈಜು ನಿಲ್ಲಿಸುವುದಿಲ್ಲ ಎಂದು ತೋರಿಸಿ, ಆಮೇಲೆ ಉಳಿದದ್ದು. ನಾಲ್ಕು ಬಾಟಲಿ ಸ್ಟಾಕ್, ತಲಾ 1 ಲೀಟರಿನಲ್ಲಿ:

ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 11.76 ಗ್ರಾಂ
ಮೆಗ್ನೀಸಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್ 4.93 ಗ್ರಾಂ
ಸೋಡಿಯಂ ಬೈಕಾರ್ಬೊನೇಟ್ 2.59 ಗ್ರಾಂ
ಪೊಟ್ಯಾಸಿಯಂ ಕ್ಲೋರೈಡ್ 0.23 ಗ್ರಾಂ

ಪ್ರತಿಯೊಂದರಿಂದ 25 ಮಿ.ಲೀ. ತೆಗೆದು ಶುದ್ಧ ನೀರಿನಲ್ಲಿ 1 ಲೀಟರಿಗೆ ತುಂಬಿಸಿ. ಎಲ್ಲವನ್ನೂ ಒಟ್ಟಿಗೆ ಸುರಿದು ಆಮೇಲೆ ನೀರು ಹಾಕಬೇಡಿ. ಪಾತ್ರೆಯಲ್ಲಿ ಮುಕ್ಕಾಲು ನೀರು ಇಟ್ಟುಕೊಂಡು ಒಂದೊಂದಾಗಿ ಸೇರಿಸಿ, ಇಲ್ಲದಿದ್ದರೆ ಕಾರ್ಬೊನೇಟ್ ಗಸಿ ಕೂರುತ್ತದೆ. ಆಮ್ಲಜನಕ ತುಂಬುವವರೆಗೆ ಗಾಳಿ ಹಾಯಿಸಿ. ಪಿಎಚ್ 7.8ರ ಆಸುಪಾಸು ನಿಲ್ಲಬೇಕು, 0.5 ಆಚೀಚೆ ಪರವಾಗಿಲ್ಲ. ಗಡಸುತನ 250 ಬರುತ್ತದೆ.

ಜೂನ್ ಬಂದ ಮೇಲೆ ಒಂದು ವಿಷಯ ನೆನಪಿಡಿ. ಕ್ಯಾಲ್ಸಿಯಂ ಕ್ಲೋರೈಡ್ ಮಳೆಗಾಲದ ಗಾಳಿಯ ಪಸೆ ಎಳೆದುಕೊಂಡು ಡಬ್ಬಿಯಲ್ಲೇ ಕರಗಿ ಪಾಕವಾಗುತ್ತದೆ. ಅದನ್ನು ತೂಗಿದರೆ ಅರ್ಧ ನೀರನ್ನೇ ತೂಗಿದಂತೆ. ಡೆಸಿಕೇಟರಿನಲ್ಲಿಡಿ, ತೂಗುವಾಗ ಬೇಗ ಮುಗಿಸಿ, ತಯಾರಾದ ನೀರನ್ನು ಟೈಟ್ರೇಶನ್ ಮಾಡಿ 250 ಉಂಟಾ ನೋಡಿ. ಡಬ್ಬಿಯ ಮೇಲೆ ಅನ್‌ಹೈಡ್ರಸ್ ಎಂದಿದ್ದರೆ 11.76 ಅಲ್ಲ, 8.88 ಗ್ರಾಂ.

ಸ್ವರ್ಣಾತೀರ:
ಗಡಸುತನದ ಟೈಟ್ರೇಶನ್ನಿಗೆ ಬಳಸುವುದು ಇಡಿಟಿಎ, ಲೋಹವನ್ನು ಕಟ್ಟಿಹಿಡಿಯುವ ರಾಸಾಯನಿಕ. ಆ ಫ್ಲಾಸ್ಕು, ಪಿಪೆಟ್ಟುಗಳನ್ನು ತಾಮ್ರದ ಪರೀಕ್ಷೆಗೆ ಮುಟ್ಟಲೇಬಾರದು. ಬೇರೆಯೇ ಕಪಾಟು, ಬೇರೆಯೇ ಗುರುತು.

ನೀರುಚಿಗಟ:
ಅದೇ ಮಾತು ಎಂ4ಕ್ಕೂ ಬರುತ್ತದೆ, ಮೂಲ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರಿಸಿಲ್ಲ. ತೋಡಿನಬದಿಯವರೇ, ಎಂ4ರಲ್ಲಿ ತಾಮ್ರ ಪರೀಕ್ಷೆ ಮಾಡಲೇಬೇಡಿ. ಅದರಲ್ಲಿ ಲೀಟರಿಗೆ 2.5 ಮಿ.ಗ್ರಾಂ ಡೈಸೋಡಿಯಂ ಇಡಿಟಿಎ ಉಂಟು, ಕಬ್ಬಿಣವನ್ನು ಕರಗಿಸಿಡಲು ಹಾಕಿದ್ದು. ಲೆಕ್ಕ ಹಾಕಿ: 2.5ನ್ನು 372ರಿಂದ ಭಾಗಿಸಿದರೆ 6.7 ಮೈಕ್ರೋಮೋಲ್. ಅದೇ ಮಾಧ್ಯಮದ 1 ಮಿ.ಗ್ರಾಂ ಫೆರಸ್ ಸಲ್ಫೇಟ್ ಅಂದರೆ 3.6 ಮೈಕ್ರೋಮೋಲ್ ಕಬ್ಬಿಣ. ಅಷ್ಟೂ ಕಬ್ಬಿಣಕ್ಕೆ ಹೋಯಿತು ಎಂದಿಟ್ಟುಕೊಂಡರೂ 3.1 ಮೈಕ್ರೋಮೋಲ್ ಉಳಿಯಿತು. ಅದು ಲೀಟರಿಗೆ ಸುಮಾರು 0.2 ಮಿ.ಗ್ರಾಂ ತಾಮ್ರವನ್ನು ಕಟ್ಟಿಹಾಕಬಲ್ಲದು. ಮೆದು ನೀರಿನಲ್ಲಿ ಡಾಫ್ನಿಯಾ ಬೀಳುವುದು ಹತ್ತಾರು ಮೈಕ್ರೋಗ್ರಾಂ ತಾಮ್ರಕ್ಕೆ! ನೀವು ಹಾಕಿದ ತಾಮ್ರ ನೀರಿನಲ್ಲಿ ಇರುತ್ತದೆ, ಲೋಹ ಅಳೆಯುವ ಎಎಎಸ್ ಯಂತ್ರ ಅದನ್ನು ತೋರಿಸುತ್ತದೆ ಕೂಡ, ಆದರೆ ಪ್ರಾಣಿಗೆ ತಾಗುವುದಿಲ್ಲ.

ಡೈಕ್ರೋಮೇಟ್ ಎಂ4ರಲ್ಲಿ ಪಾಸಾಯಿತು ಎಂಬುದರಿಂದ ಧೈರ್ಯ ತಂದುಕೊಳ್ಳಬೇಡಿ. ನೀರಿನಲ್ಲಿ ಅದು ಕ್ರೋಮೇಟ್ ಋಣ ಅಯಾನು, ಇಡಿಟಿಎ ಅದನ್ನು ಹಿಡಿಯುವುದಿಲ್ಲ. ಹಾಗಾಗಿ ಮರಿಗಳ ಸಂವೇದನೆ ಸರಿ ಇದೆ ಎಂದು ಮಾತ್ರ ಅದು ಹೇಳುತ್ತದೆ, ಮಾಧ್ಯಮ ತಾಮ್ರಕ್ಕೆ ಸೂಕ್ತವೋ ಎಂದು ಹೇಳುವುದಿಲ್ಲ.

ತೋಡಿನಬದಿ:
ಓಹ್, ಇದು ಗೊತ್ತಿರಲಿಲ್ಲ. ಅದೇ ಜಾತಿಯ ಇನ್ನೊಂದು ಮಾಧ್ಯಮ ಎಂ7 ಆದರೆ ಆದೀತಾ?

ನೀರುಚಿಗಟ:
ಎಂ7ರಲ್ಲಿ ಇಡಿಟಿಎ ನಾಲ್ಕನೇ ಒಂದು ಪಾಲು, 0.625 ಮಿ.ಗ್ರಾಂ. ಕಡಿಮೆ, ಆದರೆ ಇಲ್ಲ ಎಂದಲ್ಲ. ಸಾಕಲು ಯಾವುದಾದರೂ ಆಗಲಿ, ಲೋಹದ ಪರೀಕ್ಷೆಗೆ ಇಡಿಟಿಎ ಇಲ್ಲದ ನೀರೇ ಬೇಕು. ಮರಿ ದಾಟಿಸುವಾಗ ಪಿಪೆಟ್ಟಿನೊಟ್ಟಿಗೆ ಬರುವ ಎಂ4 ಕೂಡ ಆದಷ್ಟು ಕಡಿಮೆ ಇರಲಿ. ನಡುವೆ ಒಂದು ಪಾತ್ರೆ ಪರೀಕ್ಷಾ ನೀರಿನಲ್ಲಿ ತೊಳೆದು ದಾಟಿಸಿದರೆ ಒಳ್ಳೆಯದು.

ಕಡಲತಡಿ:
ನನ್ನದು ತಕರಾರು. ಐಎಸ್ಒ ನೀರು 250, ನಮ್ಮ ತೋಡಿನ ನೀರು 20. ಐಎಸ್ಒ ನೀರಿನಲ್ಲಿ ಬಂದ ಇಸಿ50 ಹಿಡಿದುಕೊಂಡು ಪುತ್ತೂರು, ಬೆಳ್ತಂಗಡಿ ಕಡೆಯ ತೋಡಿನ ಬಗ್ಗೆ ಮಾತಾಡುವುದು ಹೇಗೆ? ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ಹಳೆಯ ಗಡಸುತನ ಸೂತ್ರದಲ್ಲಿ ತಾಮ್ರದ ತೀಕ್ಷ್ಣ ಮಿತಿ ಗಡಸುತನ 250ಕ್ಕೆ ಸುಮಾರು 32 ಮೈಕ್ರೋಗ್ರಾಂ, 25ಕ್ಕೆ 4ಕ್ಕಿಂತಲೂ ಕಡಿಮೆ. ಹೆಚ್ಚುಕಡಿಮೆ 9 ಪಟ್ಟು ವ್ಯತ್ಯಾಸ. ಪರೀಕ್ಷೆ ಸಿಂಧು ಆಗುತ್ತದೆ, ಉತ್ತರ ಮಾತ್ರ ಬೇರೆ ಊರಿನದ್ದು.

ಮುರಕಲ್ಲು:
ಸರಿ ಅಣ್ಣ, ಆದರೆ ಬರೀ ಗಡಸುತನ ನೋಡಿದರೂ ಅರ್ಧವೇ. ಇಪಿಎಯೇ 2007ರಲ್ಲಿ ಆ ಸೂತ್ರ ಬಿಟ್ಟು ತಾಮ್ರಕ್ಕೆ ಬಯೋಟಿಕ್ ಲಿಗ್ಯಾಂಡ್ ಮಾದರಿಗೆ ಹೋಯಿತು, ಅಂದರೆ ನೀರಿನಲ್ಲಿರುವ ಉಳಿದ ಅಂಶಗಳನ್ನೂ ಹಿಡಿದು ಪ್ರಾಣಿಗೆ ತಾಗುವ ತಾಮ್ರವನ್ನು ಅಂದಾಜು ಮಾಡುವ ಲೆಕ್ಕಕ್ಕೆ. ಮಳೆಗಾಲದ ತೋಡಿನ ನೀರಿನಲ್ಲಿ ಕೊಳೆತ ಎಲೆಯ ಹ್ಯೂಮಿಕ್ ಅಂಶ ಇರುತ್ತದೆ, ಅದು ತಾಮ್ರವನ್ನು ಕಟ್ಟಿ ವಿಷ ಇಳಿಸುತ್ತದೆ. ಮೆದುತನ ವಿಷ ಏರಿಸುತ್ತದೆ. ಯಾವುದರ ಕೈ ಮೇಲಾಗುತ್ತದೆ ಎಂದು ತಿಳಿಯಲು ಪಿಎಚ್, ಕರಗಿದ ಸಾವಯವ ಇಂಗಾಲ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂ, ಸಲ್ಫೇಟ್, ಕ್ಲೋರೈಡ್, ಕ್ಷಾರೀಯತೆ, ಉಷ್ಣತೆ ಇಷ್ಟೂ ಅಳೆದಿರಬೇಕು. ಇದನ್ನು ಅಳೆಯದೆ ಇಸಿ50 ಒಂದನ್ನೇ ವರದಿಯಲ್ಲಿ ಬರೆದರೆ ಆ ಅಂಕಿ ಯಾರ ಉಪಯೋಗಕ್ಕೂ ಇಲ್ಲ.

ಕಡಲತಡಿ:
ಅದನ್ನೇ ಹೇಳುತ್ತಿರುವುದು. ಹಾಗಾದರೆ ಮೆದು ನೀರಿನಲ್ಲೂ ಒಂದು ಸಾಲು ಮಾಡಲಿ.

ಗಾಜುಪಾತ್ರೆ:
ಮಾಡಲಿ, ಆದರೆ ಬಾವಿ ನೀರಿನಲ್ಲಿ ಅಲ್ಲ, ಲೆಕ್ಕಕ್ಕೆ ಸಿಗುವ ಮೆದು ನೀರಿನಲ್ಲಿ. ಇಪಿಎಯ ಮೆದು ನೀರಿನ ಪಾಕ ಹೀಗೆ: ಲೀಟರಿಗೆ ಸೋಡಿಯಂ ಬೈಕಾರ್ಬೊನೇಟ್ 48 ಮಿ.ಗ್ರಾಂ, ಕ್ಯಾಲ್ಸಿಯಂ ಸಲ್ಫೇಟ್ ಡೈಹೈಡ್ರೇಟ್ 30, ಮೆಗ್ನೀಸಿಯಂ ಸಲ್ಫೇಟ್ 30, ಪೊಟ್ಯಾಸಿಯಂ ಕ್ಲೋರೈಡ್ 2. ಗಡಸುತನ 40ರಿಂದ 48, ಪಿಎಚ್ 7.2ರಿಂದ 7.6. ನಾಲ್ಕನ್ನೂ ದುಪ್ಪಟ್ಟು ಹಾಕಿದರೆ ಮಧ್ಯಮ ಗಡಸು, 80ರಿಂದ 100. ಕ್ಯಾಲ್ಸಿಯಂ ಸಲ್ಫೇಟ್ ಕರಗಲು ಸತಾಯಿಸುತ್ತದೆ, ಅದನ್ನು ಬೇರೆಯಾಗಿ ಸ್ವಲ್ಪ ನೀರಿನಲ್ಲಿ ಮ್ಯಾಗ್ನೆಟಿಕ್ ಸ್ಟಿರರ್ ಮೇಲಿಟ್ಟು ಪೂರ್ತಿ ಕರಗಿಸಿಯೇ ಸೇರಿಸಿ. ಡಾಫ್ನಿಯಾ ಮ್ಯಾಗ್ನಾ 40ರಲ್ಲಿ ಒಗ್ಗಿಕೊಳ್ಳುವುದು ಕಷ್ಟ. ಆ ಸಾಲಿಗೆ ಬೇರೆ ಜಾತಿ ತೆಗೆದುಕೊಳ್ಳಿ.

ಮಣ್ಣಪಳ್ಳ:
ನಮ್ಮ ಕೆರೆಗಳಲ್ಲೇ ಮೊಯಿನಾ ಮೈಕ್ರೂರಾ, ಸೀರಿಯೊಡಾಫ್ನಿಯಾ ಕಾರ್ನುಟಾ ಎಂಬ ಡಾಫ್ನಿಯಾದ ಸಂಬಂಧಿ ಜಾತಿಗಳು ಎರಡೂ ಸಿಗುತ್ತವೆ. ಮ್ಯಾಗ್ನಾ ಈ ಕರಾವಳಿಯ ಪ್ರಾಣಿಯೇ ಅಲ್ಲ, ಅದಕ್ಕೆ 20 ಡಿಗ್ರಿ ಬೇಕು. ಮೊಯಿನಾಕ್ಕೆ 25ರಿಂದ 28 ಡಿಗ್ರಿ ಹಿತ. ಆದರೆ ಅದರದ್ದೇ ತಾಪತ್ರಯ ಉಂಟು: ಮರಿ ಮ್ಯಾಗ್ನಾ ಮರಿಯ ಅರ್ಧದಷ್ಟೂ ಇಲ್ಲ, ಆ ಉಷ್ಣತೆಯಲ್ಲಿ 48 ಗಂಟೆ ಉಪವಾಸ ತಡೆಯುವುದು ಕಷ್ಟ. ಪರೀಕ್ಷೆಗೆ ಇಡುವ ಮುಂಚೆ ಕನಿಷ್ಠ 2 ಗಂಟೆ ಪಾಚಿ ತಿನ್ನಲು ಬಿಡಿ, ಆಮೇಲೆ ಶುದ್ಧ ನೀರಿಗೆ ದಾಟಿಸಿ. ಮೊದಲು ತಾಮ್ರವಿಲ್ಲದೆ ಕಂಟ್ರೋಲ್ ಮಾತ್ರ 48 ಗಂಟೆ ಇಟ್ಟು ನೋಡಿ. ತಡೆಯದಿದ್ದರೆ 24 ಗಂಟೆಯ ಫಲಿತಾಂಶವನ್ನೇ ಕೊಡಿ, ಹಾಗೆಂದು ಸ್ಪಷ್ಟವಾಗಿ ಬರೆಯಿರಿ.

ಕೆರೆಯಿಂದ ತಂದ ಗುಂಪನ್ನೇ ನೇರ ಪರೀಕ್ಷೆಗೆ ಇಳಿಸಬೇಡಿ. ಒಂದೇ ತಾಯಿಯಿಂದ ಸಂತತಿ ಬೆಳೆಸಿ, ಜಾತಿ ಗುರುತು ಖಚಿತ ಮಾಡಿ. ಮೊಯಿನಾದಲ್ಲಿ ಎಫಿಪಿಯಂ (ಗಟ್ಟಿ ಕವಚದ ಮೊಟ್ಟೆಚೀಲ) ನೋಡಿದರೆ ಮೈಕ್ರೂರಾಕ್ಕೆ ಒಂದು ಮೊಟ್ಟೆ, ಮ್ಯಾಕ್ರೋಕೋಪಾಕ್ಕೆ ಎರಡು. ಆದರೆ ಎಫಿಪಿಯಂ ಕಟ್ಟುತ್ತಿರುವ ತಾಯಿ ಪರೀಕ್ಷೆಗೆ ಆಗುವುದಿಲ್ಲ, ಅದು ಸಾಕಣೆ ಒತ್ತಡದಲ್ಲಿದೆ ಎಂಬುದರ ಗುರುತು.

ಸ್ವರ್ಣಾತೀರ:
ಮತ್ತೆ ಮ್ಯಾಗ್ನಾ ಸಾಕುವವರು ಹಳೆಯ ಕಲ್ಚರನ್ನು ಚರಂಡಿಗೆ ಚೆಲ್ಲಬೇಡಿ. ಕುದಿಸಿ ಅಥವಾ ಬ್ಲೀಚ್ ಹಾಕಿ ಕೊಂದೇ ಬಿಡಬೇಕು. ಹೊರಗಿನ ಪ್ರಾಣಿ.

ಕೆಂಪುನೀರು:
ಯಾರೂ ಕೇಳಲಿಲ್ಲ, ಆದರೆ ಆ ನಾಲ್ಕು ಮರಿ ನೀರಿನ ಮೇಲೆ ತೇಲುತ್ತಿವೆಯಾ, ತಳಕ್ಕೆ ಬಿದ್ದಿವೆಯಾ?

ತೋಡಿನಬದಿ:
ಎರಡು ಮೇಲೆ ಅಂಟಿಕೊಂಡ ಹಾಗೆ, ಎರಡು ತಳದಲ್ಲಿ.

ಕೆಂಪುನೀರು:
ಹಾಗಾದರೆ ಕಾರಣ ಎರಡು. ಮೇಲಿನವುಗಳ ಚಿಪ್ಪಿನೊಳಗೆ ಗಾಳಿ ಸಿಕ್ಕಿಕೊಂಡಿದೆ. ಪಿಪೆಟ್ಟಿನಿಂದ ಮೇಲಿಂದ ತೊಟ್ಟಿಕ್ಕಿಸಿದರೆ ಹೀಗೇ ಆಗುವುದು. ಪಾಸ್ಚರ್ ಪಿಪೆಟ್ಟಿನ ಸಪೂರ ತುದಿ ಮುರಿದು, ಬಾಯಿ ಅಗಲ ಮಾಡಿ, ಅಂಚನ್ನು ಬರ್ನರಿನಲ್ಲಿ ಕಾಯಿಸಿ ನುಣುಪು ಮಾಡಿ. ತುದಿಯನ್ನು ನೀರಿನೊಳಗೆ ಮುಳುಗಿಸಿ, ಮರಿ ತಾನಾಗಿ ಈಜಿ ಹೊರಬರುವಷ್ಟು ನಿಧಾನ ಒತ್ತಿ. ಮೇಲೆ ಸಿಕ್ಕಿಕೊಂಡದ್ದು ಕಂಡರೆ ಶುರುವಿನಲ್ಲೇ ಅದರ ಮೇಲೆ ಅದೇ ಪಾತ್ರೆಯ ನೀರಿನ ಒಂದು ಹನಿ ಬಿಡಿ, ಕೆಳಗಿಳಿಯುತ್ತದೆ. ಇಳಿಯದಿದ್ದರೆ ಆ ಮರಿ ಬದಲಿಸಿ. 24 ಗಂಟೆ ಕಳೆದ ಮೇಲೆ ಬದಲಿಸುವಂತಿಲ್ಲ.

ಎಣಿಸುವ ಕ್ರಮ ಹೇಳುತ್ತೇನೆ, ಇಲ್ಲೇ ಇಬ್ಬರು ಎಣಿಸಿದರೆ ಎರಡು ಲೆಕ್ಕ ಬರುವುದು. ಬೀಕರಿನ ಕೆಳಗೆ ಕಪ್ಪು ರಟ್ಟು ಇಡಿ, ಬೆಳಕು ಪಕ್ಕದಿಂದ ಬರಲಿ, ಮೇಲಿಂದ ಬೇಡ. ಬೀಕರನ್ನು ಮೆಲ್ಲ ಒಂದು ಸುತ್ತು ಅಲುಗಿಸಿ, ನೀರಿನ ಸುಳಿ ನಿಂತ ಮೇಲೆ 15 ಸೆಕೆಂಡ್ ನೋಡಿ. ಸುಳಿಯೊಟ್ಟಿಗೆ ತಿರುಗುವುದು ಈಜು ಅಲ್ಲ. ಮರಿ ಕೊಂಬು ಅಲ್ಲಾಡಿಸುತ್ತಾ ಇದ್ದಲ್ಲೇ ಇದ್ದರೆ ಅದು ನಿಂತದ್ದೇ. ಲೆನ್ಸಿನಲ್ಲಿ ಹೃದಯ ಪಟಪಟ ಬಡಿಯುವುದು ಕಾಣುತ್ತದೆ, ಕರುಳಿನಲ್ಲಿ ಹಸಿರು ಗೆರೆ ಇನ್ನೂ ಇರುತ್ತದೆ, ಆದರೂ ನಿಂತದ್ದು ಎಂದೇ ಬರೆಯಬೇಕು. ಈ ಪರೀಕ್ಷೆ ಅಳೆಯುವುದು ಸಾವನ್ನಲ್ಲ, ಈಜುವ ಶಕ್ತಿಯನ್ನು.

ಎಣಿಕೆಪುಸ್ತಕ:
ಇದಕ್ಕೆ ನನ್ನದು ನೂರಕ್ಕೆ ನೂರು ಒಪ್ಪಿಗೆ. ಎಣಿಸುವವರಿಗೆ ಯಾವ ಬೀಕರಿನಲ್ಲಿ ಎಷ್ಟು ತಾಮ್ರ ಎಂದು ಗೊತ್ತಿರಲೂಬಾರದು. ಸಂಖ್ಯೆ ಮಾತ್ರ ಅಂಟಿಸಿ, ಟ್ರೇಯಲ್ಲಿ ಜಾಗ ಕಲಸಿ ಇಡಿ.

ಅಡಿಕೆಮರ:
ತಳಕ್ಕೆ ಬಿದ್ದ ಎರಡಕ್ಕೆ ಎಂತ ಕಾರಣ ಹಾಗಾದರೆ, ಮೆದು ನೀರೇನಾ?

ಮುರಕಲ್ಲು:
ಅದು ಮೊದಲ ಸಂಶಯ. ಬಾವಿ ನೀರನ್ನು ಯಾವ ಪೈಪಿನಿಂದ, ಯಾವ ನಳ್ಳಿಯಿಂದ ಹಿಡಿದದ್ದು ಎಂಬುದು ಎರಡನೇ ಸಂಶಯ. ಪಿಎಚ್ 5.8ರ ನೀರು ಜಿಐ ಪೈಪಿನಿಂದ ಸತುವನ್ನು, ಹಿತ್ತಾಳೆ ನಳ್ಳಿಯಿಂದ ತಾಮ್ರವನ್ನು ಬಿಡಿಸಿಕೊಂಡು ಬರುತ್ತದೆ. ಬೆಳಿಗ್ಗೆ ಮೊದಲು ಬರುವ ನೀರಿನಲ್ಲಿ ಅದು ಜಾಸ್ತಿ. ತಾಮ್ರವೇ ಇಲ್ಲ ಎಂದುಕೊಂಡ ಕಂಟ್ರೋಲ್‌ನಲ್ಲೇ ತಾಮ್ರ ಇದ್ದರೆ ಪರೀಕ್ಷೆಗೆ ಅರ್ಥವೇ ಇಲ್ಲ. ಕಂಟ್ರೋಲ್ ನೀರನ್ನೂ ಎಎಎಸ್‌ಗೆ ಕೊಡಿ.

ಗಾಜುಪಾತ್ರೆ:
ಗೋಡೆಗೆ ಹಾಕಿದ ಲೋಹದ ಡಿಸ್ಟಿಲ್ಲೇಶನ್ ಯಂತ್ರಕ್ಕೂ ಇದೇ ಮಾತು. ಒಳಗಿನ ಕಾಯಿಲ್ ತಾಮ್ರದ್ದಿದ್ದರೆ ಆ ನೀರು ಈ ಕೆಲಸಕ್ಕೆ ಬೇಡ. ಗಾಜಿನ ಡಿಸ್ಟಿಲ್ಲೇಶನ್ ಅಥವಾ ಡಿಅಯಾನೈಸರ್ ನೀರು ಬಳಸಿ. ಪಾತ್ರೆಗಳನ್ನು 10% ನೈಟ್ರಿಕ್ ಆಮ್ಲದಲ್ಲಿ ರಾತ್ರಿ ನೆನೆಸಿ, ಅದೇ ಶುದ್ಧ ನೀರಿನಲ್ಲಿ ಹಲವು ಸಲ ಜಾಲಿಸಿ.

ಕಡಲತಡಿ:
ತುಂಬೆ ಅಣೆಕಟ್ಟಿನಿಂದ ಬರುವ ನಗರದ ನೀರು ಹಿಡಿದರೆ?

ಗಾಜುಪಾತ್ರೆ:
ಬೇಡ. ಕ್ಲೋರಿನ್ ಹಾಕಿದ ನೀರು, ಡಾಫ್ನಿಯಾಕ್ಕೆ ತೀರಾ ಸ್ವಲ್ಪವೇ ಸಾಕು. ಗಾಳಿ ಹಾಯಿಸಿದರೆ ಬರೀ ಕ್ಲೋರಿನ್ ಹೋಗುತ್ತದೆ, ಕ್ಲೋರಮೈನ್ ಇದ್ದರೆ ಸುಲಭಕ್ಕೆ ಹೋಗುವುದಿಲ್ಲ.

ಮಣ್ಣಪಳ್ಳ:
ಮೂರನೇ ಸಂಶಯ ನಾನು ಸೇರಿಸುತ್ತೇನೆ. ಲ್ಯಾಬಿನಲ್ಲಿ ಸೊಳ್ಳೆಬತ್ತಿ ಅಥವಾ ಪ್ಲಗ್ಗಿಗೆ ಹಾಕುವ ಸೊಳ್ಳೆ ಲಿಕ್ವಿಡ್ ಉಂಟಾ? ಅದು ಪೈರೆಥ್ರಾಯ್ಡ್. ಕೀಟಕ್ಕಿಂತ ಕಡಿಮೆ ಏನಲ್ಲ, ಈ ಸಣ್ಣ ಕಠಿಣಚರ್ಮಿಗಳಿಗೂ ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲೇ ವಿಷ. ಗಾಳಿ ಹಾಯಿಸುವ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತಳ್ಳುತ್ತದೆ. ಮಲೇರಿಯಾ, ಡೆಂಗಿ ಎಂದು ಮಳೆಗಾಲದಲ್ಲಿ ಬೀದಿಯಲ್ಲಿ ಫಾಗಿಂಗ್ ಆಗುವಾಗ ಕಿಟಕಿ ಮುಚ್ಚಿ, ಪಂಪು ಬಂದ್ ಮಾಡಿ.

ಅಡಿಕೆಮರ:
ತಾಮ್ರದ ಪ್ರಮಾಣ ಹೇಗೆ ಹಾಕುತ್ತಿದ್ದೀರಿ ಎಂದು ಹೇಳಿ. ಮೈಲುತುತ್ತು 1 ಮಿ.ಗ್ರಾಂ ಎಂದರೆ ತಾಮ್ರ 1 ಮಿ.ಗ್ರಾಂ ಎಂದು ತಿಳಿಯುವವರು ಬಹಳ.

ತೋಡಿನಬದಿ:
ಮೈಲುತುತ್ತಿನ ತೂಕದ ಲೆಕ್ಕದಲ್ಲೇ ಇಟ್ಟಿದ್ದು. 10, 50, 250 ಮೈಕ್ರೋಗ್ರಾಂ.

ಅಡಿಕೆಮರ:
ಅಲ್ಲಿ ಎರಡು ತಪ್ಪು. ಐದು ನೀರಿನ ಕಣವಿರುವ ನೀಲಿ ಹರಳಿನಲ್ಲಿ ತಾಮ್ರ ಇರುವುದು 25.5% ಮಾತ್ರ. ತಾಮ್ರದ ಲೆಕ್ಕದಲ್ಲಿ ನಿಮ್ಮದು ಎಲ್ಲ ಕಾಲು ಪಾಲು. ಎರಡನೆಯದು, ಒಂದರಿಂದ ಮುಂದಿನದಕ್ಕೆ 5 ಪಟ್ಟು ಹಾರಿದ್ದೀರಿ. ಕನಿಷ್ಠ 5 ಪ್ರಮಾಣ ಬೇಕು, ನಡುವಿನ ಅಂತರ 2.2 ಪಟ್ಟು ಮೀರಬಾರದು.

ಹೀಗೆ ಮಾಡಿ: ಎಆರ್ (ವಿಶ್ಲೇಷಣೆಗೆ ಬಳಸುವ ಶುದ್ಧ) ದರ್ಜೆಯ ಹರಳು 393 ಮಿ.ಗ್ರಾಂ ತೂಗಿ 1 ಲೀಟರ್ ಮಾಡಿದರೆ ತಾಮ್ರ 100 ಮಿ.ಗ್ರಾಂ/ಲೀ. ಹರಳು ಬಿಳಿಚಿದ್ದರೆ ನೀರು ಕಳೆದುಕೊಂಡಿದೆ, ಅದನ್ನು ತೂಗಬೇಡಿ. ಆ ಸ್ಟಾಕ್ 10 ಮಿ.ಲೀ. ತೆಗೆದು 1 ಲೀಟರಿಗೆ ಏರಿಸಿದರೆ 1 ಮಿ.ಗ್ರಾಂ/ಲೀ. ಇದರಿಂದ 2.5, 4.5, 8, 14, 25 ಮಿ.ಲೀ. ತೆಗೆದು ಒಂದೊಂದನ್ನೂ ಪರೀಕ್ಷಾ ನೀರಿನಲ್ಲಿ 250 ಮಿ.ಲೀ.ಗೆ ತುಂಬಿಸಿದರೆ 10, 18, 32, 56, 100 ಮೈಕ್ರೋಗ್ರಾಂ/ಲೀ ಸಿಗುತ್ತದೆ. ನಾಲ್ಕು ಬೀಕರಿಗೆ ತಲಾ 50 ಮಿ.ಲೀ., ಉಳಿದ 50 ವಿಶ್ಲೇಷಣೆಗೆ. ಬೀಕರಿಗೆ 5 ಮರಿ. ಒಂದು ಮರಿಗೆ ಕನಿಷ್ಠ 2 ಮಿ.ಲೀ. ನೀರು ಬೇಕು, ಇಲ್ಲಿ ಧಾರಾಳ ಉಂಟು. ಇದಕ್ಕೂ ಮುಂಚೆ 1, 10, 100, 1000 ಹಾಕಿ ಒಂದು ಅಂದಾಜು ಪರೀಕ್ಷೆ ಮಾಡಿ, ಆಮೇಲೆ ಸಾಲನ್ನು ಬೇಕಾದ ಕಡೆ ಸರಿಸಿಕೊಳ್ಳಿ.

ನೀರುಚಿಗಟ:
ಮತ್ತೆ ಬರೆದ ಪ್ರಮಾಣವನ್ನು ನಂಬಬೇಡಿ, ಅಳೆದದ್ದನ್ನು ನಂಬಿ. ಇಷ್ಟು ಕಡಿಮೆ ತಾಮ್ರ ಗಾಜಿನ ಗೋಡೆಗೇ ಅಂಟುತ್ತದೆ. ಶುರುವಿಗೆ ಮತ್ತು 48 ಗಂಟೆಗೆ 0.45 ಮೈಕ್ರೋಮೀಟರ್ ಫಿಲ್ಟರಿನಲ್ಲಿ ಸೋಸಿ, ಆಮ್ಲ ಹಾಕಿ ಇಟ್ಟು ಅಳೆಯಿರಿ. ಹಾಕಿದ್ದಕ್ಕೂ ಅಳೆದದ್ದಕ್ಕೂ 20%ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಇಸಿ50 ಅಳೆದ ಅಂಕಿಯ ಮೇಲೆಯೇ ಇರಬೇಕು.

ಕೆಂಪುನೀರು:
ಒಂದು ಸಂದೇಹ. ತೋಟಕ್ಕೆ ಬಿಡುವುದು ಬರೀ ಮೈಲುತುತ್ತು ಅಲ್ಲವಲ್ಲ, ಸುಣ್ಣ ಸೇರಿಸಿದ್ದು. ಸುಣ್ಣ ಸೇರಿದ ಮೇಲೆ ತಾಮ್ರ ಗಸಿಯಾಗಿ ಕೂರುತ್ತದೆ. ಕರಗಿದ ತಾಮ್ರದ ಪರೀಕ್ಷೆ ತೋಟದ ಮದ್ದಿಗೆ ಎಷ್ಟು ಹೊಂದುತ್ತದೆ?

ಅಡಿಕೆಮರ:
ಒಳ್ಳೆಯ ಪ್ರಶ್ನೆ. 1% ಬೋರ್ಡೋ ಎಂದರೆ 100 ಲೀಟರ್ ನೀರಿಗೆ ಮೈಲುತುತ್ತು 1 ಕೆ.ಜಿ., ಸುಣ್ಣ 1 ಕೆ.ಜಿ. ತಾಮ್ರ ಲೀಟರಿಗೆ ಸುಮಾರು 2.5 ಗ್ರಾಂ. ಅಷ್ಟು ತಾಮ್ರವನ್ನು ಲೀಟರಿಗೆ 25 ಮೈಕ್ರೋಗ್ರಾಂಗೆ ಇಳಿಸಲು 1 ಲಕ್ಷ ಲೀಟರ್ ನೀರು ಬೇಕು. ಅಷ್ಟೂ ತೋಡಿಗೆ ಹೋಗುವುದಿಲ್ಲ, ಅಡಿಕೆ ಗೊನೆಗೆ, ಸೋಗೆಗೆ ಅಂಟುತ್ತದೆ, ಮಣ್ಣೂ ಹಿಡಿಯುತ್ತದೆ. ಆದರೆ ಕೊಳೆರೋಗಕ್ಕೆ ಮದ್ದು ಬಿಟ್ಟು ಒಣಗುವ ಮುಂಚೆ ಮಳೆ ಬಿದ್ದರೆ ತೊಳೆದುಹೋಗುವ ಪಾಲು ಹೆಚ್ಚು, ಹುಳಿ ನೀರಿನಲ್ಲಿ ಆ ಗಸಿ ನಿಧಾನಕ್ಕೆ ಕರಗುತ್ತದೆ. ಡ್ರಮ್ಮು, ಮದ್ದು ಬಿಡುವ ಗಟಾರ್ ಪಂಪು ತೋಡಿನಲ್ಲೇ ತೊಳೆಯುವುದು ಇನ್ನೂ ಅಪಾಯ.

ಹಾಗಾಗಿ ಎರಡು ಸಾಲು ಇಡಿ: ಒಂದು ಶುದ್ಧ ತಾಮ್ರ, ಇನ್ನೊಂದು ಬೋರ್ಡೋ ಮಾಡಿ ಪರೀಕ್ಷಾ ನೀರಿನಲ್ಲಿ ತೆಳು ಮಾಡಿದ್ದು. ಎರಡರಲ್ಲೂ ಕರಗಿದ ತಾಮ್ರ ಅಳೆದು ಅದರ ಲೆಕ್ಕದಲ್ಲಿ ಹೋಲಿಸಿ.

ಕಡಲತಡಿ:
ಗದ್ದೆಗೆ ಹಾಕುವ ಕೀಟನಾಶಕ ಇಮಿಡಾಕ್ಲೋಪ್ರಿಡ್ ಕೂಡ ಇದೇ ರೀತಿ ಮಾಡಬಹುದಾ?

ಮಣ್ಣಪಳ್ಳ:
ಮಾಡಬಹುದು, ಆದರೆ ಡಾಫ್ನಿಯಾದಿಂದ ಮೋಸಹೋಗುತ್ತೀರಿ. ಅದಕ್ಕೆ ಲೀಟರಿಗೆ ಹತ್ತಾರು ಮಿ.ಗ್ರಾಂ ಹಾಕಿದರೂ ತಡೆಯುತ್ತದೆ. ಕೈರೊನೊಮಸ್ ಎಂಬ ಸಣ್ಣ ಕೀಟದ ನೀರಿನಲ್ಲಿರುವ ಮರಿಹುಳು ಮೈಕ್ರೋಗ್ರಾಂ ಲೆಕ್ಕದಲ್ಲೇ ಬೀಳುತ್ತದೆ. ಅದಕ್ಕೆ ಬೇರೆಯೇ ವಿಧಾನ, ಓಇಸಿಡಿ 235, 2011ರದ್ದು, ಮೊದಲ ಹಂತದ ಮರಿಹುಳು, 48 ಗಂಟೆ. ಕೀಟನಾಶಕ ಎಂದಾದರೆ ಕೀಟವನ್ನೂ ಸೇರಿಸಲೇಬೇಕು.

ಎಣಿಕೆಪುಸ್ತಕ:
ಲೆಕ್ಕಕ್ಕೆ ಬರುತ್ತೇನೆ. ಪ್ರೊಬಿಟ್ (ಪ್ರಮಾಣಕ್ಕೂ ಪರಿಣಾಮಕ್ಕೂ ಗೆರೆ ಹೊಂದಿಸುವ ಲೆಕ್ಕ) ಹಾಕಲು 0ಗೂ 100ಕ್ಕೂ ನಡುವಿನ ಫಲಿತಾಂಶ ಕನಿಷ್ಠ ಎರಡು ಪ್ರಮಾಣದಲ್ಲಿ ಬೇಕು. ಇಲ್ಲವಾದರೆ ಒತ್ತಾಯಕ್ಕೆ ಗೆರೆ ಎಳೆಯಬೇಡಿ. ಯಾವುದೂ ನಿಲ್ಲದ ಅತಿ ಹೆಚ್ಚಿನ ಪ್ರಮಾಣ, ಎಲ್ಲವೂ ನಿಂತ ಅತಿ ಕಡಿಮೆ ಪ್ರಮಾಣ, ಇವೆರಡರ ಗುಣಾಕಾರದ ವರ್ಗಮೂಲವೇ ಇಸಿ50. ಉದಾಹರಣೆಗೆ 18ರಲ್ಲಿ ಒಂದೂ ಇಲ್ಲ, 32ರಲ್ಲಿ ಎಲ್ಲವೂ ಎಂದಾದರೆ 24 ಮೈಕ್ರೋಗ್ರಾಂ. 24 ಗಂಟೆ, 48 ಗಂಟೆ ಎರಡನ್ನೂ ಕೊಡಿ. ಡೈಕ್ರೋಮೇಟಿನ 0.6ರಿಂದ 2.1 ಎಂಬ ಮಿತಿ 24 ಗಂಟೆಗೆ ಮಾತ್ರ, ಅದನ್ನು 48ಕ್ಕೆ ಹೋಲಿಸಬೇಡಿ.

ಸ್ವರ್ಣಾತೀರ:
ಕರೆಂಟಿನ ಮಾತು ಯಾರೂ ಎತ್ತಲಿಲ್ಲ. 18ರಿಂದ 22 ಡಿಗ್ರಿಯೊಳಗೆ ಒಂದನ್ನು ಹಿಡಿದು 1 ಡಿಗ್ರಿ ಆಚೀಚೆ ಮಾತ್ರ ಬಿಡಬಹುದು. ಮಳೆಗಾಲದಲ್ಲಿ ಉಷ್ಣತೆ ಸ್ಥಿರವಿಡುವ ಬಿಒಡಿ ಇನ್‌ಕ್ಯುಬೇಟರ್ ಯುಪಿಎಸ್ ಮೇಲೆ ಇಲ್ಲದಿದ್ದರೆ ಪರೀಕ್ಷೆ ಶುರು ಮಾಡಬೇಡಿ. ಥರ್ಮಾಮೀಟರ್ ಗಾಳಿಯಲ್ಲಿ ಬೇಡ, ಪಕ್ಕದಲ್ಲಿ ಮರಿ ಇಲ್ಲದ ಒಂದು ಬೀಕರ್ ನೀರಿನಲ್ಲಿ ಮುಳುಗಿಸಿ. ಪರೀಕ್ಷೆಯಲ್ಲಿ ಗಾಳಿ ಹಾಯಿಸುವುದಿಲ್ಲ, ಆಹಾರ ಕೊಡುವುದಿಲ್ಲ. ಕೊನೆಗೆ ಆಮ್ಲಜನಕ ಕಂಟ್ರೋಲ್‌ನಲ್ಲೂ ಉಳಿದವುಗಳಲ್ಲೂ 3 ಮಿ.ಗ್ರಾಂ/ಲೀಗಿಂತ ಕೆಳಗೆ ಇಳಿದಿರಬಾರದು.

ತೋಡಿನಬದಿ:
ತುಂಬಾ ಉಪಕಾರ. ಮೊದಲು ಐಎಸ್ಒ ನೀರಿನಲ್ಲಿ ಮ್ಯಾಗ್ನಾ, ಆಮೇಲೆ ಮೆದು ನೀರಿನಲ್ಲಿ ಮೊಯಿನಾ, ಎರಡಕ್ಕೂ ಬೋರ್ಡೋ ಸಾಲು. ತಾಯಿಗಳ ವಯಸ್ಸು ಎಷ್ಟಿರಬೇಕು? ಡೈಕ್ರೋಮೇಟ್ ನೀರನ್ನು ಎಂತ ಮಾಡುವುದು?

ನೀರುಚಿಗಟ:
ಮ್ಯಾಗ್ನಾ ತಾಯಿಗೆ 2ರಿಂದ 4 ವಾರ. ಮೊದಲ ಹೆರಿಗೆಯ ಮರಿ ಬೇಡ. ಸಂಜೆ ತಾಯಿಗಳನ್ನು ಬೇರೆ ಬೀಕರಿಗೆ ದಾಟಿಸಿ, ಮರುದಿನ ಬೆಳಿಗ್ಗೆ ಅಲ್ಲಿ ಕಂಡ ಮರಿಗಳನ್ನು ಮಾತ್ರ ತೆಗೆದುಕೊಳ್ಳಿ, ವಯಸ್ಸಿನ ಸಂಶಯ ಇರುವುದಿಲ್ಲ.

ಗಾಜುಪಾತ್ರೆ:
ಡೈಕ್ರೋಮೇಟ್ ಬೇಸಿನ್ನಿಗೆ ಹೋಗಬಾರದು, ಕ್ಯಾನ್ಸರ್ ತರುವ ವಸ್ತು. ಕೈಗವಸು ಹಾಕಿ ಒಂದೇ ಕ್ಯಾನಿನಲ್ಲಿ ಸಂಗ್ರಹಿಸಿ. ಪಿಎಚ್ 2ರಿಂದ 3ಕ್ಕೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ, ಹಳದಿ ಪೂರ್ತಿ ಹೋಗಿ ಹಸಿರಿಗೆ ತಿರುಗುವವರೆಗೆ. ಇದನ್ನು ಫ್ಯೂಮ್ ಹುಡ್‌ನಲ್ಲೇ ಮಾಡಿ, ಗಂಧಕದ ಹೊಗೆ ಬರುತ್ತದೆ. ಆಮೇಲೆ ಸುಣ್ಣ ಹಾಕಿ ಪಿಎಚ್ 8ರಿಂದ 9ಕ್ಕೆ ತಂದರೆ ಕ್ರೋಮಿಯಂ ಗಸಿಯಾಗಿ ಕೂರುತ್ತದೆ. ಗಸಿಯನ್ನು ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ತಾಮ್ರದ ಉಳಿಕೆಗೆ ಬೇರೆ ಕ್ಯಾನ್, ಎರಡನ್ನೂ ಬೆರೆಸಬೇಡಿ. ಕ್ಯಾನಿನ ಮೇಲೆ ಏನಿದೆ, ಎಷ್ಟಿದೆ, ಯಾವ ದಿನ ಹಾಕಿದ್ದು ಎಂದು ಬರೆದೇ ಇಡಿ.